ಬಿಸಿ ಆರದ ಡಿಸ್ಕ್

ಹಾರ್ಡ್ ಡಿಸ್ಕ್ ಬೆಚ್ಚಗಿತ್ತು.

ನಾನು ಬೆರಳು ಹಿಂದಕ್ಕೆಳೆದುಕೊಂಡು ಮತ್ತೆ ಮುಟ್ಟಿ ನೋಡಿದೆ. ಮಾಗಿಯ ಚಳಿಗೆ ಮೇಜಿನ ತಗಡು ತಣ್ಣಗೆ ಕೊರೆಯುತ್ತಿತ್ತು. ಅದರ ಮೇಲಿದ್ದ ಈ ಕಪ್ಪು ಪೆಟ್ಟಿಗೆ ಮಾತ್ರ ಜ್ವರ ಬಂದ ಕೂಸಿನ ಹಣೆಯ ಹಾಗಿತ್ತು.

ಪಕ್ಕದಲ್ಲಿ ಲ್ಯಾಪ್‌ಟಾಪ್ ಮುಚ್ಚಿಕೊಂಡು ಮಲಗಿತ್ತು. ಅದರ ಅಂಚಿನ ಸಣ್ಣ ಬಿಳಿ ದೀಪ ನಿಧಾನವಾಗಿ ಹತ್ತುತ್ತಿತ್ತು, ಆರುತ್ತಿತ್ತು. ಡಿಸ್ಕಿನ ವೈರು ಸಿಕ್ಕಿಸಿದ್ದು ಹಾಗೇ ಇತ್ತು.

"ಅಕ್ಕಾರ, ಇವು ಅಂಕಿತಾನವು," ಎಂದ ಮಾಲತೇಶ, ನನ್ನ ಬೆನ್ನ ಹಿಂದಿನಿಂದ. ಅವನ ದನಿ ಒಣಗಿತ್ತು.

ಹೌದು, ಅವಳವೇ. ಅವಳ ಜೊತೆಗೇ ಕಾಣೆಯಾಗಿದ್ದವು. ಶಿಗ್ಗಾಂವಿಯ ಅವಳ ಈ ಸ್ಟುಡಿಯೊವನ್ನು ಪೊಲೀಸರು ಮೂಲೆ ಮೂಲೆ ಜಾಲಾಡಿದ ದಿನ ನಾನೂ ಇದ್ದೆ. ಆಗ ಈ ಮೇಜಿನ ಮೇಲೆ ಧೂಳು ಬಿಟ್ಟರೆ ಏನೂ ಇರಲಿಲ್ಲ.

ಕಾವಲುಗಾರ ಉಳಿವೆಪ್ಪ ತಡಸದ ಹೊಲವೊಂದರ ಬಾವಿಗೆ ಬಿದ್ದು ಸತ್ತ ಸಂಜೆ ಅಂಕಿತಾ ಅದೇ ಹೊಲದ ಮೇಲೆ ಡ್ರೋನ್ ಹಾರಿಸಿ ಒಂದು ಮದುವೆ ಜೋಡಿಯ ವಿಡಿಯೊ ತೆಗೆಯುತ್ತಿದ್ದಳು. ಮೂಲೆಯಲ್ಲಿ ಬಾವಿಯೂ ಬಂದಿತ್ತು. "ಉಳಿವೆಪ್ಪ ತಾನಾಗಿ ಬಿದ್ದಿಲ್ಲಕ್ಕಾ. ಯಾರಂತ ಫೋನಿನ್ಯಾಗ ಹೇಳಾಕ ಬರಂಗಿಲ್ಲ. ಡಿಸ್ಕ್ ತರ್ತೇನಿ, ನೀವ ನೋಡ್ರಿ," ಎಂದು ನನಗೆ ಫೋನ್ ಮಾಡಿದವಳು ಬರಲೇ ಇಲ್ಲ. ಅವಳು ಬದುಕಿದ್ದಾಳೋ ಇಲ್ಲವೋ ಎನ್ನುವುದು ಆ ಗಳಿಗೆಯವರೆಗೂ ನಮಗೆ ಯಾರಿಗೂ ಖಾತ್ರಿಯಾಗಿ ಗೊತ್ತಿರಲಿಲ್ಲ.

ನನಗೆ ಹೆದರಿಕೆಯಾಯಿತು. ಹಾಗೆ ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಹಾನಗಲ್ ಕೋರ್ಟಿನಲ್ಲಿ ಸಂಪದಾ ವಕೀಲರು, ಅಂದರೆ ನಾನು, ಎದ್ದು ನಿಂತರೆ ಎದುರು ಪಾರ್ಟಿಯವರು ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕು ಎಂದು ಬಾರ್ ರೂಮಿನಲ್ಲಿ ನಗುತ್ತಾರೆ. ನಿನ್ನ ಬಾಯಿಗೊಂದು ಚಿಲಕ ಇಡಸಬೇಕವ್ವ ಎಂದು ನಮ್ಮ ಯಮುನಾಬಾಯಿ ಅತ್ತೆ ದಿನಕ್ಕೊಮ್ಮೆ ಅನ್ನುತ್ತಾರೆ. ಅಂಥ ನನ್ನ ಬಾಯಿ ಈಗ ಪೂರ್ತಿ ಒಣಗಿತ್ತು.

ಯಾಕೆಂದರೆ ಲ್ಯಾಪ್‌ಟಾಪ್ ಮಲಗಿದರೆ ಡಿಸ್ಕೂ ಮಲಗುತ್ತದೆ. ಒಳಗೆ ತಿರುಗುವುದು ನಿಲ್ಲುತ್ತದೆ. ಈ ಚಳಿಯಲ್ಲಿ ಬಸಿಯಲ್ಲಿ ಬಿಟ್ಟ ಚಹಾಕ್ಕಿಂತ ತುಸು ಹೆಚ್ಚು ಹೊತ್ತು ಅದರ ಬಿಸಿ ಉಳಿಯಬಹುದು, ಅಷ್ಟೇ. ನಾವು ಹೊರಗಿನ ಬೀಗ ತೆಗೆದು ಒಳಗೆ ಬಂದದ್ದು ಈಗ ತಾನೇ.

"ಮಾಲತೇಶ, ಇದನ್ನ ಯಾರೋ ಈಗಿಂದೀಗ ಬಳಸ್ಯಾರ," ಎಂದೆ.

"ಈಗಿಂದೀಗ ಅಂದ್ರ?"

"ನಾವು ಮೆಟ್ಟಲ ಹತ್ತೋ ಹೊತ್ತಿಗೆ."

ಅವನು ಬಾಗಿಲ ಕಡೆ ನೋಡಿದ. ನಾನೂ ನೋಡಿದೆ. ಒಂದೇ ಬಾಗಿಲು. ಒಂದೇ ಕಿಟಕಿ, ಅದಕ್ಕೆ ಕಬ್ಬಿಣದ ಸರಳು. ಗೋಡೆಗೆ ಒರಗಿಸಿದ ಲೈಟಿನ ಬಿಳಿ ಛತ್ರಿಗಳು, ಮಕ್ಕಳನ್ನು ಕೂಡಿಸಿ ಫೋಟೊ ತೆಗೆಯುವ ಮರದ ಕುದುರೆ, ಮೂಲೆಯ ಗೂಡಿನಲ್ಲಿ ಸಣ್ಣ ದೇವರ ಫೋಟೊ. ಹಿಂದಿನ ಗೋಡೆಗೆ ಮೇಲಿನಿಂದ ನೆಲದವರೆಗೆ ಇಳಿಬಿಟ್ಟ ಬಣ್ಣದ ಪರದೆ. ಅದರ ಮೇಲೆ ಅರಮನೆ, ಕಾರಂಜಿ, ಎರಡು ನವಿಲು.

ಕರೆಂಟ್ ಹೋಗಿ ಬಹಳ ಹೊತ್ತಾಗಿತ್ತು. ಕೆಳಗೆ ಮಜೀದನ ಹಿಟ್ಟಿನ ಗಿರಣಿ ನಿಂತುಹೋಗಿತ್ತು. ಬೇರೆ ದಿನ ಈ ಕೋಣೆಯ ನೆಲವೇ ನಡುಗುತ್ತಿರುತ್ತದೆ. ಇವತ್ತು ಮಜೀದ ಬಾಗಿಲು ಎಳೆದುಕೊಂಡು ಊಟಕ್ಕೆ ಹೋಗಿದ್ದ.

"ಕಿತ್ಕೊಂಡು ಹೋಗೂಣ್ರಿ," ಎಂದು ಮಾಲತೇಶ ಡಿಸ್ಕಿಗೆ ಕೈ ಚಾಚಿದ.

ನಾನು ಅವನ ಮುಂಗೈ ಹಿಡಿದೆ.

"ಮುಟ್ಟಬ್ಯಾಡ."

"ಯಾಕ್ರಿ? ಇದಕ್ಕಂತ ಅಲ್ಲೇನ್ರಿ ನಾವು ಊರೂರು ಅಲದದ್ದು?"

"ಮಲಗಿದ್ದಾಗ ಕಿತ್ರ ಕೆಡತದ. ಏನರ ಅರ್ಧಾ ಬರಕೊಂಡಿದ್ರ ಅದೂ ಹೋತು, ಇದ್ದದ್ದೂ ಹೋತು. ಮೊದಲ ಎಬ್ಬಸಬೇಕು. ಡಿಸ್ಕ್ ಬಿಡಪಾ ಅಂತ ಅದಕ್ಕ ಹೇಳಬೇಕು. ಅದು ಆಗಲಿ ಅಂದಮ್ಯಾಲೆ ಕೈ ಹಚ್ಚಬೇಕು. ನಿಮ್ಮ ಸ್ಟುಡಿಯೋದಾಗ ಇಷ್ಟ ದಿನ ಏನ್ ಕಲತಿ ನೀನು?"

ಅವನು ಪೆಚ್ಚಾಗಿ ನಕ್ಕ. ಮಾಲತೇಶ ಅಂಕಿತಾಳ ಪಾಲುದಾರ. ಗಿರಾಕಿ ಹಿಡಿಯುವುದು, ಗಾಡಿ ಓಡಿಸುವುದು, ಲೈಟು ಹಿಡಿಯುವುದು ಅವನ ಕೆಲಸ. ಕ್ಯಾಮೆರಾ, ಕಂಪ್ಯೂಟರ್ ಎಲ್ಲಾ ಅವಳದು. ಅವಳು ಕಾಣೆಯಾದ ದಿನದಿಂದ ನನ್ನ ಜೊತೆ ನೆರಳಿನ ಹಾಗೆ ತಿರುಗಿದವನೂ ಅವನೇ. ಅವಳ ಫೋನು ಕೊನೆಗೆ ಸವಣೂರಿನಲ್ಲಿ ಸ್ವಿಚ್ ಆಫ್ ಆಗಿತ್ತು ಎಂದು ಗೊತ್ತಾದಾಗ, ಅಲ್ಲಿಯ ವೀಳ್ಯದೆಲೆ ಅಂಗಡಿ ಒಂದನ್ನೂ ಬಿಡದೆ ಅವಳ ಫೋಟೊ ತೋರಿಸಿ ಕೇಳಿದ್ದ. ನನಗೆ ಅವನ ಮೇಲೆ ಪ್ರೀತಿ ಹುಟ್ಟಿತ್ತು. ಸ್ವಂತ ಅಣ್ಣನೂ ಇಷ್ಟು ಮಾಡುವುದಿಲ್ಲ ಅನಿಸಿತ್ತು.

ಡಿಸ್ಕಿನ ಈ ನೇಮ ನನಗೆ ಕಲಿಸಿದವಳು ಅಂಕಿತಾ. ಒಂದು ಸಾಕ್ಷಿಯ ವಿಡಿಯೊ ಮಾಡಿಸಲು ಇಲ್ಲಿಗೆ ಬಂದಾಗ ನಾನು ಅವಸರದಲ್ಲಿ ಲ್ಯಾಪ್‌ಟಾಪಿನ ಮುಚ್ಚಳ ಹಾಕಲು ಹೋಗಿದ್ದೆ. ಅವಳು ನನ್ನ ಕೈಗೆ ಪಟ್ಟನೆ ಹೊಡೆದಿದ್ದಳು. ಗಿರಾಕಿ, ವಕೀಲರು, ದೊಡ್ಡವರು ಎಂದೇನೂ ನೋಡಲಿಲ್ಲ. "ಅದು ಮಲಗೂದರಾಗ ಇದನ್ನ ಬಿಡಸಬೇಕಕ್ಕಾ. ಒಮ್ಮೆ ಬಿಡಸದ ಮುಚ್ಚಿ ಒಬ್ಬರ ಮದಿವಿ ಕಳದೇನಿ. ಹುಡಿಗೀಗೆ ತಾಳಿ ಕಟ್ಟೂದ ಇಲ್ಲ ಅದರಾಗ. ಅವರವ್ವ ಇಲ್ಲೇ ಕುಂತು ಅತ್ತಿದ್ಲು," ಎಂದಿದ್ದಳು.

ಅದು ನೆನಪಾದದ್ದೇ ನನಗೆ ಒಂದು ಬಿಗಿಯಾದ ತರ್ಕ ಹೊಳೆಯಿತು. ಹೊಳೆದದ್ದನ್ನು ನುಂಗಿಕೊಳ್ಳುವ ರೂಢಿ ನನಗಿಲ್ಲ.

"ಇದು ಅಂಕಿತಾನ ಕೆಲಸ ಅಲ್ಲ, ಮಾಲತೇಶ. ಆಕಿ ಸತ್ರೂ ಡಿಸ್ಕ್ ಬಿಡಸದ ಮುಚ್ಚಳ ಹಾಕಾಕಿ ಅಲ್ಲ. ಯಾರೋ ಏನೂ ತಿಳೀದಾಂವ ಇಲ್ಲಿಗೆ ಬಂದಾನ. ಅದನ್ನ ತಗದು ನೋಡ್ಯಾನ. ನಮ್ಮ ಸಪ್ಪಳ ಕೇಳಿ ಮುಚ್ಚಿ ಓಡ್ಯಾನ."

"ಖರೇ ಐತ್ರಿ," ಎಂದ ಮಾಲತೇಶ. ಅವನ ಭುಜ ಸಡಿಲವಾಯಿತು. "ಯಾರೋ ಹೊರಗಿನವ್ರು."

ಆ ಮಾತಿಗೇ ನಾನು ನಿಲ್ಲಿಸಬೇಕಿತ್ತು. ಹೊರಗಿನ ಬೀಗವನ್ನು ಮರೆಸಿ ದೇವರು ನನಗೆ ಒಂದು ತಪ್ಪು ಉತ್ತರ ಕೊಟ್ಟಿದ್ದ, ಅದನ್ನೇ ಇಟ್ಟುಕೊಂಡು ಮನೆಗೆ ಹೋಗಬೇಕಿತ್ತು.

ನಾನು ಲ್ಯಾಪ್‌ಟಾಪಿನ ಮುಚ್ಚಳ ಎತ್ತಿದೆ. ಸ್ಕ್ರೀನ್ ಬೆಳಗಿತು, ಪಾಸ್‌ವರ್ಡ್ ಕೇಳಿತು. ಅದರ ಜೊತೆಗೇ ಡಿಸ್ಕಿನೊಳಗೆ ಏನೋ ಕಟಕ್ ಎಂದಿತು. ಆಮೇಲೆ ಸಣ್ಣಗೆ ಗುಂಯ್‌ಗುಡಲು ಶುರುವಾಯಿತು. ಮೂಲೆಯ ನೀಲಿ ದೀಪ ಪಟಪಟ ಹೊಡೆದುಕೊಳ್ಳತೊಡಗಿತು.

"ಏನ್ ಮಾಡಾಕತ್ತೈತ್ರಿ ಅದು?"

"ಕಾಪಿ. ಅರ್ಧಕ್ಕ ನಿಂತದ್ದನ್ನ ಮುಂದುವರಸಾಕತ್ತದ."

"ಎಲ್ಲಿಗೆ ಕಾಪಿ?"

"ನನಗೇನ್ ಗೊತ್ತೋ? ಪಾಸ್‌ವರ್ಡ್ ನಿನಗ ಗೊತ್ತದ ಏನು?"

ಅವನು ಇಲ್ಲವೆಂದು ತಲೆಯಾಡಿಸಿದ. ಅವನ ಕಣ್ಣು ಮಾತ್ರ ಆ ನೀಲಿ ದೀಪ ಬಿಟ್ಟು ಕದಲಲಿಲ್ಲ.

ನಾನು ಡಿಸ್ಕನ್ನು ಅಲುಗಾಡಿಸದೆ ಬಗ್ಗಿ ನೋಡಿದೆ. ಅದರ ಬೆನ್ನ ಮೇಲೆ ಒಂದು ತುಂಡು ಸೆಲ್ಲೊಟೇಪ್ ಅಂಟಿಸಿತ್ತು. ಟೇಪಿನ ಮೇಲೆ ಅಡ್ಡಕ್ಕೆ ಮೂರು ವಿಭೂತಿ ಗೆರೆ, ನಡುವೆ ಕುಂಕುಮದ ಬೊಟ್ಟು.

ಇದೂ ನನಗೆ ಗೊತ್ತಿದ್ದದ್ದೇ. ಶಿಗ್ಗಾಂವಿಯ ಅಂಗಡಿಗಳಲ್ಲಿ ಅಮಾವಾಸ್ಯೆಗೆ ಯಂತ್ರಕ್ಕೆ ಪೂಜೆ ಮಾಡದೆ ಇರುವುದಿಲ್ಲ. ಗಿರಣಿಗೆ, ತಕ್ಕಡಿಗೆ, ಟ್ರ್ಯಾಕ್ಟರಿಗೆ. ಅಂಕಿತಾಳ ತಾಯಿ ವೀರವ್ವ ಕ್ಯಾಮೆರಾ, ಡ್ರೋನು, ಡಿಸ್ಕು ಯಾವುದನ್ನೂ ಬಿಡದೆ ಕಲಸಿದ ವಿಭೂತಿ ಹಚ್ಚುತ್ತಿದ್ದಳು. ಒಮ್ಮೆ ನೀರು ಒಳಗಿಳಿದು ಒಂದು ಡಿಸ್ಕ್ ಹಾಳಾಯಿತು. ಅಂದಿನಿಂದ ತಾಯಿ ಮಗಳಿಗೆ ರಾಜಿ. ಮೊದಲು ಟೇಪ್ ಅಂಟಿಸಬೇಕು, ವಿಭೂತಿ ಕುಂಕುಮ ಟೇಪಿನ ಮೇಲೆ. ಮುಂದಿನ ಅಮಾವಾಸ್ಯೆಗೆ ಹಳೆಯ ಟೇಪ್ ಕಿತ್ತು ಹೊಸದು. ಆ ಕೆಲಸ ಅಂಕಿತಾ ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. "ಡಿಸ್ಕಿಗೂ ನೀರ ತಾಕಂಗಿಲ್ಲ, ದೇವರಿಗೂ ಸಿಟ್ಟ ಬರಂಗಿಲ್ಲ," ಎಂದು ನಗುತ್ತಿದ್ದಳು.

ನಾನು ಕುಂಕುಮವನ್ನು ಮುಟ್ಟಿದೆ. ಬೆರಳು ಕೆಂಪಾಯಿತು.

ಟೇಪಿನ ಅಂಚು ಹೊಳೆಯುತ್ತಿತ್ತು, ಒಂದು ಕಣ ಧೂಳಿಲ್ಲ. ಮೇಜಿನ ತುದಿಯಲ್ಲಿ ಮುದುಡಿದ ಇನ್ನೊಂದು ಟೇಪು ಬಿದ್ದಿತ್ತು. ಅದರ ಕುಂಕುಮ ಮಾಸಿ ಕಂದಾಗಿತ್ತು. ಗೂಡಿನಲ್ಲಿ ದೇವರ ಫೋಟೊದ ಮುಂದೆ ವಿಭೂತಿ ಗಟ್ಟಿ ಒದ್ದೆಯಾಗಿ ಒಣಗಿದ್ದ ಗುರುತು ಇತ್ತು.

ನಿನ್ನೆ ಎಳ್ಳಮಾವಾಸ್ಯೆ.

"ಮಾಲತೇಶ," ಎಂದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು. "ಬದುಕ್ಯಾಳೋ. ಅಂಕಿತಾ ಬದುಕ್ಯಾಳ."

"ಏನಂದ್ರಿ?"

"ಇದು ನಿನ್ನಿ ಹಚ್ಚಿದ್ದು. ಇಲ್ಲೇ ಹಚ್ಚಿದ್ದು. ನೋಡು, ಹಳೇ ಟೇಪು ಇಲ್ಲೇ ಬಿದ್ದದ. ಈ ಟೇಪಿನ ರೂಢಿ ಆಕಿದೊಂದ. ಮುಚ್ಚಳಾ ಹಾಕಿದಾಕಿನೂ ಆಕಿನ. ಯಾರೋ ಬಂದ್ರು ಅಂತ ಹೆದರಿ, ಡಿಸ್ಕ್ ಬಿಡಸೋ ಅಷ್ಟೂ ಪುರಸೊತ್ತಿಲ್ಲದ ಮುಚ್ಯಾಳ. ನಿನ್ನಿಯಿಂದ ಇಲ್ಲೇ ಅದಾಳ ಆಕಿ."

ಹೇಳಿ ಮುಗಿಸಿ ನಾನು ಅವನ ಮುಖ ನೋಡಿದೆ. ಅವನೂ ಅಳುತ್ತಿರುತ್ತಾನೆ ಎಂದುಕೊಂಡಿದ್ದೆ.

ಅವನು ಅಳುತ್ತಿರಲಿಲ್ಲ. ಹಿಗ್ಗೂ ಇರಲಿಲ್ಲ. ಲೆಕ್ಕ ತಪ್ಪಿದವನು ಮತ್ತೆ ಮೊದಲಿನಿಂದ ಎಣಿಸುವ ಹಾಗೆ ಹುಬ್ಬು ಗಂಟಿಕ್ಕಿ ನಿಂತಿದ್ದ.

ಆಗ ನನಗೆ ನೆನಪಾಯಿತು. ನಿನ್ನೆ ಸಂಜೆ ಹಾನಗಲ್ಲಿನ ನಮ್ಮ ಮನೆಗೆ ಏದುಸಿರು ಬಿಡುತ್ತಾ ಬಂದು, ಅಂಕಿತಾಳನ್ನು ಹಿರೇಕೆರೂರಿನ ಬಸ್ ಸ್ಟ್ಯಾಂಡಿನಲ್ಲಿ ಕಣ್ಣಾರೆ ಕಂಡೆ ಎಂದು ಹೇಳಿದವನು ಮಾಲತೇಶ. ಕೂಗಿ ಕರೆದರೂ ಬಸ್ಸು ಹತ್ತಿ ಹೋದಳು ಎಂದಿದ್ದ. ಗದ್ದಲದಲ್ಲಿ ಬೇರೆ ಯಾರನ್ನೋ ಕಂಡಿರಬೇಕು ಎಂದು ನಾನು ಪೂರ್ತಿ ನಂಬಿರಲಿಲ್ಲ. ಆ ಮಾತು ನಂಬಿ ಪಿಎಸ್‌ಐ ದ್ಯಾಮಪ್ಪ ಇವತ್ತು ಬೆಳಗ್ಗೆ ಇದ್ದಬದ್ದ ಪೊಲೀಸರನ್ನೆಲ್ಲಾ ಕಟ್ಟಿಕೊಂಡು ಹಿರೇಕೆರೂರಿಗೆ ಹೋಗಿದ್ದರು.

ನಿನ್ನೆ ಇಲ್ಲಿದ್ದವಳು ನಿನ್ನೆ ಹಿರೇಕೆರೂರಿನಲ್ಲಿ ಹೇಗೆ ಇದ್ದಾಳು?

ಇನ್ನೊಂದೂ ನೆನಪಾಯಿತು. ಇವತ್ತು ಬೆಳಗ್ಗೆ ವೀರವ್ವನ ಮನೆ. ಸ್ಟುಡಿಯೊದ ಬೀಗ ಬದಲಿಸಿದ್ದಾಳೆ, ನನಗೆ ಕೀಲಿ ಕೊಡುವುದಿಲ್ಲ, ನಿಮ್ಮ ಮಾತಾದರೆ ಮೀರುವುದಿಲ್ಲ ಎಂದು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವನೂ ಇವನೇ. ವೀರವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಒಂಟಿ ಹೆಂಗಸು, ಬುಟ್ಟಿ ತುಂಬ ರೊಟ್ಟಿ. ಕೀಲಿ ಎಂದೊಡನೆ ಅವಳ ಕೈ ನಿಂತಿತು.

"ನೀವೊಬ್ಬರ ಹೋಗಿ ಬರ್ರಿ ಬಾಯಾರ," ಎಂದಳು. ಮತ್ತೆ ನನ್ನ ಸೆರಗು ಹಿಡಿದು, "ಒಬ್ಬರ ಹೋಗ್ರಿ," ಎಂದಳು.

ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡೆ. ನಿಮಗ ಮಗಳು ಬೇಕೋ ಬ್ಯಾಡೋ ಎಂದು ಅವಳನ್ನೇ ಗದರಿಸಿದೆ. ಪಾಪ, ಕೀಲಿ ಕೊಟ್ಟಳು. ಇವನು ಪಕ್ಕದಲ್ಲೇ ನಿಂತಿದ್ದ, ಇನ್ನೇನು ಹೇಳಲು ಸಾಧ್ಯವಿತ್ತು ಆ ತಾಯಿಗೆ? ಮಗಳನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕಿ ಕಾಯುತ್ತಿದ್ದಳು. ಆ ಬೀಗವನ್ನು ನಾನು ನನ್ನ ಕೈಯಾರೆ ತೆಗೆದಿದ್ದೆ.

"ಅಕ್ಕಾರ," ಎಂದ ಮಾಲತೇಶ ಮೆತ್ತಗೆ. "ನಿನ್ನಿಯಿಂದ ಇಲ್ಲೇ ಅದಾಳ ಅಂದ್ರಲ್ಲ?"

"ಇದ್ದಿರಬೇಕು ಅಂದೆ," ಎಂದೆ. "ಇಲ್ಲದನೂ ಇರಬಹುದು. ಕುಂಕುಮದಾಗ ಏನದ? ಹೋದ ಅಮಾಸಿದೂ ಇದ್ದೀತು."

ಅವನು ಬಂದು ಟೇಪಿನ ಮೇಲೆ ಹೆಬ್ಬೆರಳು ಒತ್ತಿದ. ಎತ್ತಿ ನನಗೆ ತೋರಿಸಿದ. ಕೆಂಪು.

"ಹೋದ ಅಮಾಸಿದು ಹಿಂಗ ಹತ್ತತೈತೇನ್ರಿ ಕೈಗೆ?"

ನಾನು ನನ್ನ ಕೆಂಪು ಬೆರಳನ್ನು ಸೆರಗಿಗೆ ಒರೆಸಿಕೊಂಡೆ.

"ಹಿರೇಕೆರೂರಾಗ ಕಂಡಿದ್ದಿ ಅಲ್ಲೋ ನೀನು?" ಎಂದು ಕೊನೆಗೆ ಕೇಳಿದೆ. ಕೇಳಬಾರದಿತ್ತು. ಆದರೆ ನನ್ನ ಬಾಯಿ ಅದು.

"ಕಂಡಿದ್ದಿಲ್ರಿ," ಎಂದ. ಸುಳ್ಳು ಹೇಳುವ ಗೋಜೂ ಅವನಿಗೆ ಬೇಕಿರಲಿಲ್ಲ. "ದ್ಯಾಮಪ್ಪ ಸಾಹೇಬ್ರು ಇಲ್ಲಿಂದ ದೂರ ಇರ್ಲಿ ಅಂತ ನಾನ ಹಂಗ ಹೇಳಿದ್ದು."

"ಉಳಿವೆಪ್ಪನ್ನ ದೂಡಿದಾಂವ ನೀನ?"

"ಅಂವಾ ಕುಡದಿದ್ದ. ಜಗಳಕ್ಕ ಬಂದ. ಜಗಳದಾಗ ಆತು. ಮ್ಯಾಲೆ ಡ್ರೋನ್ ಹಾರಾಕತ್ತೈತಿ ಅಂತ ನನಗೇನ್ ಗೊತ್ತಿತ್ರಿ? ಆ ಶೂಟಿಂಗ್ ನಾಳಿಗೆ ಅಂತ ನಾನ ಅಕಿಗೆ ಹೇಳಿದ್ದೆ. ಮಳಿಮೋಡ ಇಲ್ಲ, ಬೆಳಕ ಚಂದ ಐತಿ ಅಂತ ಅಕಿ ಅವತ್ತ ಹ್ವಾದ್ಲು." ಅವನು ಒಮ್ಮೆ ಕಣ್ಣು ಮುಚ್ಚಿ ತೆರೆದ. "ನನ್ನ ತಂಗಿ ಇದ್ದಂಗ ಇದ್ಲು ಅಕ್ಕಾರ. ನನ್ನ ಕೈಯಾಗ ಡಿಸ್ಕ್ ಕೊಟ್ಟಿದ್ರ ನಾ ಏನೂ ಮಾಡತಿದ್ದಿಲ್ಲ."

"ಈಗ ತಗೊಂಡು ಹೋಗು," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಕಿತ್ಕೊಂಡು ಹೋಗು. ನಾ ಏನೂ ನೋಡಿಲ್ಲ. ಆಕಿ ಇಲ್ಲಿಲ್ಲ. ನಾವು ಬರೂದರಾಗ ಹೋಗ್ಯಾಳ."

"ಕಿತ್ರ ಏನ್ ಬಂತ್ರಿ? ಕಾಪಿ ಎಲ್ಲೆಲ್ಲಿ ಆಗೈತಿ ಅಂತ ಅಕಿನ್ನ ಕೇಳಬೇಕಲ್ಲ." ಅವನು ಡಿಸ್ಕಿನ ಮೇಲೆ ಅಂಗೈ ಇಟ್ಟ, ನಾನು ಇಟ್ಟಿದ್ದ ಹಾಗೆಯೇ. "ಬಿಸಿ ಐತಿ ಅಂದ್ರಿ. ನಾವು ಮೆಟ್ಟಲ ಹತ್ತೂ ಹೊತ್ತಿಗೆ ಮುಚ್ಯಾಳ ಅಂದ್ರಿ. ಬೀಗ ಹೊರಗಿಂದ ಹಾಕಿತ್ತು. ಮೆಟ್ಟಲಾ ಇಳದು ಬಂದಿದ್ರ ನಮಗ ಎದುರ ಸಿಗತಿದ್ಲು."

ಒಂದೊಂದೇ ನನ್ನ ಮಾತು. ಕೋರ್ಟಿನಲ್ಲಿ ನಾನು ಜೋಡಿಸುವ ಹಾಗೆಯೇ ಜೋಡಿಸಿ ನನಗೇ ತಿರುಗಿ ಕೊಡುತ್ತಿದ್ದ.

"ನಿಮ್ಮ ಬುದ್ಧಿಗೆ ಕೈ ಮುಗೀಬೇಕ್ರಿ ಅಕ್ಕಾರ," ಎಂದ. "ಅವತ್ತಿಂದ ಹುಡುಕಾಕತ್ತೇನಿ, ನನಗ ಸಿಕ್ಕಿದ್ದಿಲ್ಲ. ನೀವು ನಿಂತ ನಿಲುವಿನ್ಯಾಗ ಹುಡುಕಿ ಕೊಟ್ರಿ."

ಅವನು ಹಿಂದೆ ಸರಿದು, ನನ್ನ ಮೇಲಿನ ಕಣ್ಣು ತೆಗೆಯದೆ, ಬಾಗಿಲ ಚಿಲಕ ಹಾಕಿದ. ನನ್ನ ಚೀಲ ಬಾಗಿಲ ಹತ್ತಿರದ ಕುರ್ಚಿಯ ಮೇಲಿತ್ತು. ಫೋನು ಅದರೊಳಗಿತ್ತು. ಅವನು ಆ ಕುರ್ಚಿಯನ್ನು ಕಾಲಿನಿಂದ ಮೂಲೆಗೆ ಸರಿಸಿದ.

ಕೂಗಬೇಕು ಅನಿಸಿತು. ಏನಾದರೂ ಬಡಬಡಿಸಬೇಕು, ಹಾಡಬೇಕು, ಬೈಯಬೇಕು. ಸಪ್ಪಳ ಮಾಡುತ್ತಲೇ ಇರಬೇಕು. ಹುಟ್ಟಿದಾಗಿನಿಂದ ಒಂದು ಗಳಿಗೆ ಸುಮ್ಮನಿರದ ನನ್ನ ಬಾಯಿಂದ ಆಗ ಒಂದೇ ಒಂದು ಮಾತು ಹೊರಡಲಿಲ್ಲ.

ಡಿಸ್ಕ್ ಮಾತ್ರ ಗುಂಯ್ ಅನ್ನುತ್ತಿತ್ತು. ಆ ಮುಚ್ಚಿದ ಕೋಣೆಯಲ್ಲಿ ಅದೊಂದೇ ಸದ್ದು. ಅದು ಹಾಗೇ ತಿರುಗುತ್ತಿರಲಿ, ನಿಲ್ಲದಿರಲಿ ಎಂದು ನಾನು ಇದ್ದ ದೇವರಿಗೆಲ್ಲಾ ಹರಕೆ ಹೊತ್ತೆ.

ಮಾಲತೇಶ ತಲೆ ಓರೆ ಮಾಡಿ ಕಿವಿಗೊಟ್ಟ. ಛತ್ರಿಗಳ ಕಡೆ ನೋಡಿದ. ಮರದ ಕುದುರೆಯ ಕಡೆ ನೋಡಿದ. ನವಿಲುಗಳ ಪರದೆಯ ಕಡೆ ನೋಡಿದ.

"ಇದರ ಸಪ್ಪಳದಾಗ ಏನೂ ಕೇಳವಲ್ದು," ಎಂದ.

ಮೇಜಿನ ಹತ್ತಿರ ಬಂದು ಲ್ಯಾಪ್‌ಟಾಪಿನ ಮುಚ್ಚಳವನ್ನು ಎರಡು ಬೆರಳಿನಿಂದ ನಿಧಾನವಾಗಿ ಕೆಳಗೆ ಒತ್ತಿದ. ಸ್ಕ್ರೀನಿನ ಬೆಳಕು ಸಣ್ಣದಾಗಿ ಇಲ್ಲವಾಯಿತು. ಡಿಸ್ಕಿನ ನೀಲಿ ದೀಪ ಮಿಟುಕುವುದು ನಿಂತಿತು. ಒಳಗಿನ ಗುಂಯ್ ಸದ್ದು ಇಳಿಯಿತು, ಇನ್ನೂ ಇಳಿಯಿತು, ಒಮ್ಮೆ ಕಟಕ್ ಎಂದು ಅಡಗಿತು.

ಕೆಳಗೆ ಗಿರಣಿ ಇಲ್ಲ. ಮೇಲೆ ಫ್ಯಾನ್ ಇಲ್ಲ. ಬೀದಿಯಲ್ಲಿ ಒಂದು ಸೈಕಲ್ ಕೂಡ ಇಲ್ಲ.

ನಾನು ಉಸಿರು ಬಿಗಿ ಹಿಡಿದಿದ್ದೆ. ಮಾಲತೇಶನೂ ಹಿಡಿದಿದ್ದ.

ಆದರೂ ಕೋಣೆಯಲ್ಲಿ ಯಾರೋ ಉಸಿರಾಡುತ್ತಿದ್ದರು.